ಮೌನವಾಗಿದ್ದರೆ ಸಾಕಿತ್ತೇ? ಅಮೆರಿಕದ ಸೇನೆ ಹೊರಹಾಕಿದ ಸಲಿಂಗಿ ಸೈನಿಕರ ಬಗ್ಗೆ

ಪ್ರಶ್ನೆ: ಅಮೆರಿಕದ ಸೇನೆಯಲ್ಲಿ ಸಲಿಂಗಿಗಳ ಕುರಿತು ‘ಕೇಳಬೇಡ, ಹೇಳಬೇಡ’ ಎಂಬ ಕಾನೂನು ಇತ್ತೆಂದೂ 2011ರಲ್ಲಿ ಅದು ರದ್ದಾಯಿತೆಂದೂ ಓದಿದ್ದೇನೆ. ತಮ್ಮ ಖಾಸಗಿ ವಿಷಯವನ್ನು ಯಾರಿಗೂ ಹೇಳಿಕೊಳ್ಳದೆ ಇದ್ದವರ ಸೇವೆಗೆ ಆ ಕಾನೂನಿನಲ್ಲಿ ಅಡ್ಡಿ ಇರಲಿಲ್ಲ ಅಲ್ಲವೇ? ಹಾಗಿದ್ದ ಮೇಲೆ ಅದನ್ನು ದೊಡ್ಡ ಅನ್ಯಾಯ ಎನ್ನುವುದೇಕೆ? ಕಾನೂನು ರದ್ದಾದ ನಂತರ, ಅದಕ್ಕೂ ಮೊದಲು ಸೇನೆಯಿಂದ ಹೊರಹಾಕಲ್ಪಟ್ಟವರಿಗೆ ಹುದ್ದೆ, ಪಿಂಚಣಿ, ಗೌರವ ಮರಳಿ ಸಿಕ್ಕಿದವೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ಆ ಕಾನೂನು ಜಾರಿಯಲ್ಲಿದ್ದ ಹದಿನೇಳು ವರ್ಷವೂ ಅಮೆರಿಕದಲ್ಲಿ ಅನೇಕರು ಪ್ರಾಮಾಣಿಕವಾಗಿಯೇ ಕೇಳುತ್ತಿದ್ದರು. ಬಾಯಿ ಬಿಡದೆ ಇದ್ದರೆ ಯಾರೂ ಏನೂ ಮಾಡುವುದಿಲ್ಲ ಎಂಬ ಭಾವನೆಯನ್ನು ಆ ಕಾನೂನಿನ ಹೆಸರೇ ಜನರ ಮನಸ್ಸಿನಲ್ಲಿ ಮೂಡಿಸಿತ್ತು. ಆದರೆ ಕಾನೂನಿನ ಪಠ್ಯವನ್ನೂ ಅದು ಜಾರಿಯಾದ ರೀತಿಯನ್ನೂ ನೋಡಿದರೆ, ಮೌನವಾಗಿದ್ದವರಿಗೆ ರಕ್ಷಣೆ ಕೊಡುವ ಒಂದು ಸಾಲೂ ಅದರಲ್ಲಿ ಇರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಬೇಸರದ್ದು. ಗೌರವ ಬಹುಮಟ್ಟಿಗೆ ಕಾಗದದ ಮೇಲೆ ಮರಳಿದೆ. ಹುದ್ದೆ ಮತ್ತು ಪಿಂಚಣಿ, ಕೆಲವೇ ಕೆಲವರನ್ನು ಬಿಟ್ಟರೆ, ಮರಳಿಲ್ಲ.

ಕಾನೂನಿನ ಪಠ್ಯದಿಂದಲೇ ಆರಂಭಿಸುತ್ತೇನೆ. ಅಧ್ಯಕ್ಷ ಬಿಲ್ ಕ್ಲಿಂಟನ್ ಸಲಿಂಗಿಗಳ ಮೇಲಿನ ಸೇನಾ ನಿಷೇಧವನ್ನು ಪೂರ್ತಿಯಾಗಿ ತೆಗೆಯುವ ಭರವಸೆ ನೀಡಿ ಅಧಿಕಾರಕ್ಕೆ ಬಂದಿದ್ದರು. ಸೇನಾ ಮುಖ್ಯಸ್ಥರೂ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಪ್ರಬಲ ಸದಸ್ಯರೂ ವಿರೋಧಿಸಿದ್ದರಿಂದ ಒಂದು ರಾಜಿ ಸೂತ್ರ ಹುಟ್ಟಿತು. 1993ರ ನವೆಂಬರ್ 30ರಂದು ಅದಕ್ಕೆ ಅಧ್ಯಕ್ಷರ ಸಹಿ ಬಿತ್ತು, 1994ರ ಫೆಬ್ರವರಿ ಕೊನೆಯಲ್ಲಿ ಜಾರಿಗೆ ಬಂತು. ಈ ಕಾನೂನು ಸೈನಿಕನನ್ನು ಹೊರಹಾಕಲು ಮೂರು ಕಾರಣಗಳನ್ನು ಹೇಳುತ್ತದೆ: ಸಲಿಂಗ ಕೃತ್ಯ ನಡೆಸುವುದು ಅಥವಾ ಅದಕ್ಕೆ ಪ್ರಯತ್ನಿಸುವುದು, ತಾನು ಸಲಿಂಗಿ ಎಂದು ಹೇಳುವುದು, ಮತ್ತು ಅದೇ ಲಿಂಗದವರನ್ನು ಮದುವೆಯಾಗುವುದು ಅಥವಾ ಮದುವೆಗೆ ಪ್ರಯತ್ನಿಸುವುದು. ‘ಕೃತ್ಯ’ ಎಂಬ ಮಾತಿನ ವ್ಯಾಪ್ತಿ ಎಷ್ಟಿತ್ತೆಂದರೆ, ಕೈ ಹಿಡಿದುಕೊಳ್ಳುವುದು, ಮುತ್ತು ಕೊಡುವುದು ಕೂಡ ಸಾಮಾನ್ಯ ಸಂದರ್ಭಗಳಲ್ಲಿ ಅದರಡಿ ಬರುತ್ತಿತ್ತು. ‘ಹೇಳುವುದು’ ಎಂಬುದಕ್ಕೆ ಯಾರಿಗೆ, ಎಲ್ಲಿ, ಯಾವಾಗ ಎಂಬ ಮಿತಿಯೇ ಇರಲಿಲ್ಲ. ಹೆತ್ತ ತಾಯಿಗೆ ಬರೆದ ಪತ್ರವೂ ಹೇಳಿಕೆಯೇ, ಮನೋವೈದ್ಯರ ಮುಂದೆ ಅತ್ತು ಹೇಳಿದ ಮಾತೂ ಹೇಳಿಕೆಯೇ. ಒಮ್ಮೆ ಹೇಳಿದರೆಂದು ತಿಳಿದುಬಂದರೆ ಅವರು ಸಲಿಂಗ ಕೃತ್ಯ ನಡೆಸುವ ಪ್ರವೃತ್ತಿಯವರೆಂದು ಭಾವಿಸಲಾಗುತ್ತಿತ್ತು. ಹಾಗಲ್ಲ ಎಂದು ಸಾಧಿಸುವ ಹೊಣೆ ಸೈನಿಕನ ಮೇಲೆಯೇ ಬೀಳುತ್ತಿತ್ತು.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ‘ಕೇಳಬೇಡ’ ಎಂಬ ಭಾಗ ಕಾನೂನಿನಲ್ಲಿ ಕಡ್ಡಾಯ ನಿಯಮವಾಗಿ ಇರಲಿಲ್ಲ. ಸೇನೆಗೆ ಸೇರುವಾಗ ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದು ರಕ್ಷಣಾ ಇಲಾಖೆಯ ಆಡಳಿತ ನಿಯಮ ಮಾತ್ರ. ಸೈನಿಕನ ಮೇಲೆ ಬಿದ್ದ ನಿರ್ಬಂಧ ಸಂಸತ್ತಿನ ಕಾನೂನು. ಅಧಿಕಾರಿಗಳ ಮೇಲೆ ಬಿದ್ದ ನಿರ್ಬಂಧ ಇಲಾಖೆಯ ಸೂಚನೆ. ‘ನಂಬಲರ್ಹ ಮಾಹಿತಿ’ ಇದೆ ಎಂದು ದಳದ ಕಮಾಂಡರ್‌ಗೆ ಅನ್ನಿಸಿದರೆ ವಿಚಾರಣೆ ಆರಂಭಿಸಬಹುದಿತ್ತು, ಆ ಮಾಹಿತಿ ಮೂರನೆಯವರಿಂದ ಬಂದರೂ ಸಾಕಿತ್ತು. ವಕೀಲರು, ಧರ್ಮಗುರುಗಳು, ಮನೋಚಿಕಿತ್ಸಕರು, ವೈದ್ಯರ ಬಳಿ ಗೋಪ್ಯವಾಗಿ ಆಡಿದ ಮಾತನ್ನು ಸೈನಿಕನ ವಿರುದ್ಧ ಬಳಸಬಾರದೆಂಬ ಸ್ಪಷ್ಟ ಸೂಚನೆಯನ್ನು ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಹೊರಡಿಸಿದ್ದು 2010ರ ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಕಾನೂನಿಗೆ ಹದಿನಾರು ವರ್ಷ ತುಂಬಿತ್ತು.

ಮೌನವಾಗಿದ್ದವರಿಗೆ ಏನಾಯಿತು ಎಂಬುದಕ್ಕೆ ವಾಯುಪಡೆಯ ಮೇಜರ್ ಮೈಕ್ ಆಲ್ಮಿ ಅವರ ಪ್ರಕರಣ ನೋಡಿ. ಅವರು ಸುಮಾರು ಹದಿಮೂರು ವರ್ಷ ಅಧಿಕಾರಿಯಾಗಿ ಸೇವೆ ಸಲ್ಲಿಸಿದ್ದರು, ಇರಾಕಿನಲ್ಲಿ ಕೆಲಸ ಮಾಡಿದ್ದರು. ಸೇನೆಯಲ್ಲಿ ಯಾರ ಮುಂದೆಯೂ ತಮ್ಮ ಖಾಸಗಿ ಬದುಕಿನ ಬಗ್ಗೆ ಮಾತಾಡಿರಲಿಲ್ಲ. ಇರಾಕಿನಿಂದ ಅವರು ಮರಳಿದ ನಂತರ, ಅಲ್ಲಿ ಬಳಸುತ್ತಿದ್ದ ಕಂಪ್ಯೂಟರಿನಲ್ಲಿ ಉಳಿದಿದ್ದ ಅವರ ಖಾಸಗಿ ಇಮೇಲ್‌ಗಳನ್ನು ಇನ್ನೊಬ್ಬರು ತೆರೆದು ಓದಿದರು. ಅವು ಮೇಲಧಿಕಾರಿಗಳ ಕೈಸೇರಿದವು. ಅವುಗಳನ್ನು ಮುಂದಿಟ್ಟು ವಿವರಣೆ ಕೇಳಿದಾಗಲೂ ಆಲ್ಮಿ ಏನನ್ನೂ ಹೇಳಲಿಲ್ಲ. ಆದರೂ 2006ರಲ್ಲಿ ಅವರನ್ನು ಸೇವೆಯಿಂದ ಹೊರಹಾಕಲಾಯಿತು. 2010ರ ಮಾರ್ಚ್‌ನಲ್ಲಿ ಸೆನೆಟ್ಟಿನ ಸಶಸ್ತ್ರ ಪಡೆಗಳ ಸಮಿತಿಯ ಮುಂದೆ ಅವರು ಸಾಕ್ಷ್ಯ ನುಡಿದಾಗ, ‘ಹೇಳಬೇಡ’ ಎಂಬ ನಿಯಮವನ್ನು ಅಕ್ಷರಶಃ ಪಾಲಿಸಿದವನನ್ನೂ ಈ ಕಾನೂನು ಬಿಡಲಿಲ್ಲ ಎಂಬುದು ಸಮಿತಿಯ ಕಣ್ಣೆದುರಿಗೇ ಇತ್ತು. ವಾಯುಪಡೆಯ ಸ್ಟಾಫ್ ಸಾರ್ಜೆಂಟ್ ರಿಚರ್ಡ್ ಕಾಲಿನ್ಸ್ ಅವರದೂ ಇದೇ ಬಗೆಯ ಪ್ರಕರಣ. ಅವರು ಕರ್ತವ್ಯದಲ್ಲಿ ಇರಲಿಲ್ಲ, ಸಮವಸ್ತ್ರ ಧರಿಸಿರಲಿಲ್ಲ, ನೆಲೆಯಿಂದ ದೂರದಲ್ಲಿ ಕಾರಿನೊಳಗೆ ಕುಳಿತು ಗೆಳೆಯನಿಗೆ ಮುತ್ತು ಕೊಟ್ಟಿದ್ದರು. ನೆಲೆಯಲ್ಲಿ ಕೆಲಸ ಮಾಡುತ್ತಿದ್ದ ನಾಗರಿಕ ಸಿಬ್ಬಂದಿಯ ಕಣ್ಣಿಗೆ ಅದು ಬಿತ್ತು. ಒಂಬತ್ತು ವರ್ಷದ ಸೇವೆ ಅಲ್ಲಿಗೆ ಮುಗಿಯಿತು.

ಹೊರಹಾಕಲ್ಪಡುವುದು ಒಂದು ಶಿಕ್ಷೆಯಾದರೆ, ಒಳಗೆ ಉಳಿದವರ ಪಾಡು ಇನ್ನೊಂದು. ಹಿಂಸೆಗೆ ಒಳಗಾದ ಸೈನಿಕ ದೂರು ಕೊಡಲು ಹೋದರೆ ‘ನಿನ್ನನ್ನೇ ಏಕೆ ಕಾಡುತ್ತಿದ್ದಾರೆ?’ ಎಂಬ ಸಹಜ ಪ್ರಶ್ನೆಗೆ ನಿಜವಾದ ಉತ್ತರ ಕೊಡುವಂತಿರಲಿಲ್ಲ. ಕೊಟ್ಟರೆ ಕೆಲಸ ಹೋಗುತ್ತಿತ್ತು. ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ 21 ವರ್ಷದ ಸೈನಿಕ ಬ್ಯಾರಿ ವಿಂಚೆಲ್ ತಿಂಗಳುಗಟ್ಟಲೆ ನಿಂದನೆ ಸಹಿಸಿಕೊಂಡಿದ್ದರು. 1999ರ ಜುಲೈ 5ರ ರಾತ್ರಿ ಅವರು ಮಲಗಿದ್ದಾಗ ಜೊತೆಯ ಸೈನಿಕನೊಬ್ಬ ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದ. ಮರುದಿನ ಅವರು ತೀರಿಕೊಂಡರು. ಆ ಕೊಲೆಯ ನಂತರ ರಕ್ಷಣಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಸಮೀಕ್ಷೆ ಮಾಡಿದಾಗ, ಹಿಂದಿನ ಒಂದು ವರ್ಷದಲ್ಲಿ ಸಲಿಂಗಿಗಳ ಬಗ್ಗೆ ಹೀನ ಮಾತುಗಳನ್ನು ಕೇಳಿದ್ದೇವೆ ಎಂದವರು ಶೇಕಡಾ 80. ಮೌನವನ್ನು ಕಾನೂನೇ ಕಡ್ಡಾಯ ಮಾಡಿದಾಗ ಅದರ ಲಾಭ ಪೀಡಕನಿಗೆ ಸಿಗುತ್ತದೆ ಎಂಬುದನ್ನು ಸೇನೆಯ ಹಿರಿಯರು ಮೊದಲೇ ಕಾಣಬೇಕಿತ್ತು, ಕಾಣಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಹಿಳೆಯರಿಗೆ ಈ ಕಾನೂನು ಇನ್ನೂ ಕ್ರೂರವಾಗಿತ್ತು. ಒಟ್ಟು ಸೈನಿಕರಲ್ಲಿ ಅವರ ಪಾಲು ಏಳರಲ್ಲಿ ಒಂದರಷ್ಟು. ಈ ಕಾನೂನಿನಡಿ ಹೊರಬಿದ್ದವರಲ್ಲಿ ಅವರ ಪಾಲು ಅದರ ಸುಮಾರು ಎರಡರಷ್ಟು. ಪುರುಷ ಸಹೋದ್ಯೋಗಿಯ ಒತ್ತಾಯಕ್ಕೆ ಮಣಿಯದ ಮಹಿಳೆಯನ್ನು ‘ಇವಳು ಸಲಿಂಗಿ ಇರಬೇಕು’ ಎಂದು ಬೆದರಿಸುವುದು ಒಂದು ಆಯುಧವೇ ಆಗಿಹೋಯಿತು. ಆಕೆ ಸಲಿಂಗಿಯಾಗಿರಬೇಕೆಂಬುದೂ ಇರಲಿಲ್ಲ, ಆರೋಪ ಬಂದರೆ ಸಾಕಿತ್ತು.

ಈ ಕಾನೂನಿನ ಸಮರ್ಥಕರು ಮುಂದಿಡುತ್ತಿದ್ದ ಒಂದೇ ಗಟ್ಟಿ ವಾದವೆಂದರೆ ದಳದ ಒಗ್ಗಟ್ಟು ಮತ್ತು ಶಿಸ್ತು. ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ಸರಿಯಲ್ಲ. ಇಕ್ಕಟ್ಟಿನ ಬ್ಯಾರಕ್‌ಗಳಲ್ಲಿ, ಸಬ್‌ಮರೀನ್‌ಗಳಲ್ಲಿ ಒಟ್ಟಿಗೆ ಬದುಕುವವರ ನಡುವಿನ ನಂಬಿಕೆ ನಿಜಕ್ಕೂ ಯುದ್ಧದ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು. ಆದರೆ ಪುರಾವೆಗಳು ಆ ಭಯದ ಪರವಾಗಿ ನಿಲ್ಲಲಿಲ್ಲ. ಸಲಿಂಗಿಗಳಿಂದ ಭದ್ರತೆಗೆ ಅಪಾಯ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲವೆಂದು ನೌಕಾಪಡೆಯದೇ ಕ್ರಿಟೆಂಡೆನ್ ಮಂಡಳಿ 1957ರಲ್ಲಿಯೇ ವರದಿ ಕೊಟ್ಟಿತ್ತು. ಆ ವರದಿ ಸುಮಾರು ಎರಡು ದಶಕ ಕಪಾಟಿನಲ್ಲಿಯೇ ಉಳಿಯಿತು. 1993ರಲ್ಲಿ ರಕ್ಷಣಾ ಇಲಾಖೆಯೇ ಹಣ ಕೊಟ್ಟು ಮಾಡಿಸಿದ ರ‍್ಯಾಂಡ್ ಸಂಸ್ಥೆಯ ಅಧ್ಯಯನ, ಯಾರು ಸೇವೆಗೆ ಯೋಗ್ಯರು ಎಂದು ನಿರ್ಧರಿಸಲು ಲೈಂಗಿಕ ಒಲವು ಪ್ರಸ್ತುತವಲ್ಲ ಎಂದಿತು. 2010ರ ಇಲಾಖಾ ಸಮೀಕ್ಷೆಗೆ ಸುಮಾರು 1,15,000 ಸೈನಿಕರು ಉತ್ತರಿಸಿದರು; ಸಲಿಂಗಿ ಸಹೋದ್ಯೋಗಿಯ ಜೊತೆ ಕೆಲಸ ಮಾಡಿದ್ದೇವೆಂದು ತಿಳಿಸಿದವರಲ್ಲಿ ಶೇಕಡಾ 92 ಮಂದಿ ತಮ್ಮ ದಳ ಒಟ್ಟಾಗಿ ದುಡಿಯುವ ಸಾಮರ್ಥ್ಯ ಚೆನ್ನಾಗಿತ್ತು ಅಥವಾ ಕೆಟ್ಟದ್ದೇನೂ ಆಗಿರಲಿಲ್ಲ ಎಂದರು. ನನಗೆ ಎಲ್ಲಕ್ಕಿಂತ ಬಲವಾದ ಪುರಾವೆ ಎಂದು ತೋರುವುದು ಸೇನೆಯದೇ ನಡವಳಿಕೆ: 2001ರಲ್ಲಿ 1,200ಕ್ಕೂ ಹೆಚ್ಚು ಮಂದಿಯನ್ನು ಹೊರಹಾಕಿದ ಸೇನೆ, ಅಫ್ಘಾನಿಸ್ತಾನ ಮತ್ತು ಇರಾಕಿನ ಯುದ್ಧಗಳ ನಡುವೆ, 2006ರ ಹೊತ್ತಿಗೆ, ಆ ಸಂಖ್ಯೆಯನ್ನು 600ರ ಆಸುಪಾಸಿಗೆ ಇಳಿಸಿತು. ಒಗ್ಗಟ್ಟಿಗೆ ನಿಜವಾದ ಅಪಾಯ ಇದ್ದಿದ್ದರೆ ಯುದ್ಧಕಾಲದಲ್ಲಿ ಸಂಖ್ಯೆ ಏರಬೇಕಿತ್ತು. ಅದೇ ಅವಧಿಯಲ್ಲಿ ಅರಬ್ಬಿ ಭಾಷೆ ಬಲ್ಲ ಹತ್ತಾರು ಅನುವಾದಕರೂ ಕೆಲಸ ಕಳೆದುಕೊಂಡರು. ಲೆಕ್ಕಪರಿಶೋಧನಾ ಕಚೇರಿಯ 2005ರ ವರದಿಯ ಪ್ರಕಾರ, ಮೊದಲ ಹತ್ತು ವರ್ಷಗಳಲ್ಲಿ ಹೊರಬಿದ್ದವರಲ್ಲಿ 322 ಮಂದಿ ಸೇನೆಗೆ ಮುಖ್ಯವಾದ ಯಾವುದಾದರೊಂದು ವಿದೇಶಿ ಭಾಷೆ ಬಲ್ಲವರು, ಮತ್ತು ಹೊರಬಿದ್ದವರ ಜಾಗಕ್ಕೆ ಬೇರೆಯವರನ್ನು ತರಲು ಆದ ಖರ್ಚು ಕನಿಷ್ಠ 19 ಕೋಟಿ ಡಾಲರ್.

ನಿಮ್ಮ ಎರಡನೆಯ ಪ್ರಶ್ನೆಗೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ಪರಿಹಾರದ ಕಷ್ಟ ಇರುವುದು 1994ರ ಕಾನೂನಿನಲ್ಲಿ ಮಾತ್ರವಲ್ಲ. 1778ರ ಮಾರ್ಚ್‌ನಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ವ್ಯಾಲಿ ಫೋರ್ಜ್ ಶಿಬಿರದಲ್ಲಿ, ಲೆಫ್ಟಿನೆಂಟ್ ಗಾಟ್‌ಹೋಲ್ಡ್ ಎನ್‌ಸ್ಲಿನ್ ಅವರನ್ನು ತಮಟೆ ಬಡಿದು ಹೊರಗಟ್ಟಿದ ದಾಖಲೆ ಇದೆ. ಆದರೂ ಬಹುಕಾಲ ಸೇನೆ ಶಿಕ್ಷಿಸುತ್ತಿದ್ದುದು ಕೃತ್ಯವನ್ನು. ಇಂಥ ಮನುಷ್ಯನೇ ಸೇನೆಗೆ ತಕ್ಕವನಲ್ಲ ಎಂಬ ವಿಚಾರ ಗಟ್ಟಿಯಾದದ್ದು ಎರಡನೆಯ ಮಹಾಯುದ್ಧದಲ್ಲಿ, ನೇಮಕಾತಿಯ ತಪಾಸಣೆಯಲ್ಲಿ ಮನೋವೈದ್ಯರು ಬಂದು ಕೂತ ಮೇಲೆ. ಎಲ್ಲರನ್ನೂ ಕೋರ್ಟ್ ಮಾರ್ಷಲ್ ಮಾಡಿ ಸೆರೆಮನೆಗೆ ಕಳಿಸುವುದು ಕಷ್ಟವಾದಾಗ ಸೇನೆ ಒಂದು ಸುಲಭ ದಾರಿ ಹಿಡಿಯಿತು: ವಿಚಾರಣೆಯಿಲ್ಲದ ಆಡಳಿತಾತ್ಮಕ ಬಿಡುಗಡೆ, ಅಂದರೆ ಸೇವೆಯಿಂದ ತೆಗೆದುಹಾಕುವುದು. ಗೌರವಯುತವೂ ಅಲ್ಲದ, ಅಗೌರವದ್ದೂ ಅಲ್ಲದ ಆ ಬಿಡುಗಡೆಯ ಪತ್ರವನ್ನು ನೀಲಿ ಕಾಗದದ ಮೇಲೆ ಅಚ್ಚುಹಾಕುತ್ತಿದ್ದರು. ಯುದ್ಧದ ವರ್ಷಗಳಲ್ಲಿ ಹೊರಟ ಸುಮಾರು 48,000 ನೀಲಿ ಪತ್ರಗಳಲ್ಲಿ ಸುಮಾರು 9,000 ಸಲಿಂಗಿಗಳೆಂಬ ಕಾರಣಕ್ಕೆ ಕೊಟ್ಟವು. ಕರಿಯ ಸೈನಿಕರಿಗೂ ಅವರ ಸಂಖ್ಯೆಯನ್ನು ಮೀರಿ ಈ ಪತ್ರಗಳು ಸಿಕ್ಕವು. ಅದಕ್ಕಾಗಿಯೇ ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕರಿಯರ ಪತ್ರಿಕೆ ಇವುಗಳ ವಿರುದ್ಧ ದೊಡ್ಡ ಪ್ರಚಾರ ನಡೆಸಿತು.

ನೀಲಿ ಕಾಗದದ ನಿಜವಾದ ಪೆಟ್ಟು ಯುದ್ಧ ಮುಗಿದ ಮೇಲೆ ತಿಳಿಯಿತು. ಮರಳಿದ ಸೈನಿಕರಿಗೆ ಕಾಲೇಜು ಶುಲ್ಕ, ಮನೆ ಸಾಲ, ನಿರುದ್ಯೋಗ ಭತ್ಯೆ ಕೊಡುವ 1944ರ ಜಿ.ಐ. ಬಿಲ್ ಒಂದು ತಲೆಮಾರನ್ನೇ ಮಧ್ಯಮ ವರ್ಗಕ್ಕೆ ಏರಿಸಿತು. ಅಗೌರವದ ಬಿಡುಗಡೆಯಾದವರಿಗೆ ಮಾತ್ರ ಈ ಸೌಲಭ್ಯ ಇಲ್ಲ ಎಂದು ಕಾನೂನು ಹೇಳಿತ್ತು. ನೀಲಿ ಪತ್ರ ಅಗೌರವದ್ದಲ್ಲ. ಆದರೂ ಸಲಿಂಗಕಾಮದ ಕಾರಣಕ್ಕೆ ನೀಲಿ ಪತ್ರ ಪಡೆದವರಿಗೆ ಏನೂ ಕೊಡಬಾರದು ಎಂದು ಮಾಜಿ ಸೈನಿಕರ ಆಡಳಿತ ಸಂಸ್ಥೆ 1945ರಲ್ಲಿ ತಾನಾಗಿಯೇ ಸೂಚನೆ ಹೊರಡಿಸಿತು. ಮರುವರ್ಷ ಕಾಂಗ್ರೆಸ್ಸಿನ ಸಮಿತಿಯೊಂದು ಇದನ್ನು ಕಟುವಾಗಿ ಟೀಕಿಸಿದರೂ ಸಂಸ್ಥೆ ಬದಲಾಗಲಿಲ್ಲ. 1947ರಲ್ಲಿ ನೀಲಿ ಕಾಗದ ಹೋಯಿತು, ‘ಅನಪೇಕ್ಷಿತ’ ಎಂಬ ಹೊಸ ಮುದ್ರೆ ಬಂತು. ಕೆಲಸಕ್ಕೆ ಹೋದಲ್ಲೆಲ್ಲ ಸೇನಾ ಬಿಡುಗಡೆ ಪತ್ರ ತೋರಿಸಬೇಕಾಗಿದ್ದ ಕಾಲವದು. ಕೆಲವರು ಹುಟ್ಟಿದ ಊರಿಗೆ ಮರಳಲೇ ಇಲ್ಲ.

1982ರಲ್ಲಿ ಜಾರಿಗೆ ಬಂದ ರಕ್ಷಣಾ ಇಲಾಖೆಯ ನಿರ್ದೇಶನ ‘ಸಲಿಂಗಕಾಮ ಸೇನಾ ಸೇವೆಗೆ ಹೊಂದುವುದಿಲ್ಲ’ ಎಂದು ಒಂದೇ ವಾಕ್ಯದಲ್ಲಿ ಹೇಳಿ, ಅಧಿಕಾರಿಗಳ ವಿವೇಚನೆಗೆ ಉಳಿದಿದ್ದ ಅಲ್ಪ ಜಾಗವನ್ನೂ ಮುಚ್ಚಿತು. 1980ರಿಂದ 1990ರವರೆಗೆ ಸುಮಾರು 17,000 ಮಂದಿ ಹೊರಬಿದ್ದರು. ವಿಯೆಟ್ನಾಂನಲ್ಲಿ ನರ್ಸ್ ಆಗಿ ದುಡಿದು ಬ್ರಾಂಝ್ ಸ್ಟಾರ್ ಪದಕ ಪಡೆದಿದ್ದ ಕರ್ನಲ್ ಮಾರ್ಗರೆಥೆ ಕ್ಯಾಮರ್‌ಮೇಯರ್ ಅವರು 1989ರಲ್ಲಿ ಬಡ್ತಿಗೆ ಬೇಕಾದ ಭದ್ರತಾ ತಪಾಸಣೆಯ ಸಂದರ್ಶನದಲ್ಲಿ, ಪ್ರಶ್ನೆಗೆ ಸುಳ್ಳು ಹೇಳಲು ಮನಸ್ಸಾಗದೆ, ತಾವು ಸಲಿಂಗಿ ಎಂದು ಉತ್ತರಿಸಿದರು. 1992ರಲ್ಲಿ ಕೆಲಸ ಹೋಯಿತು. 1994ರಲ್ಲಿ ನ್ಯಾಯಾಲಯದ ಆದೇಶದಿಂದ ಅವರು ಮರಳಿ ಸೇವೆಗೆ ಸೇರಿದರು. ಹುದ್ದೆ ಮರಳಿ ಪಡೆದ ಆ ಕೆಲವೇ ಕೆಲವರಲ್ಲಿ ಅವರೊಬ್ಬರು.

ಲಿಯೊನಾರ್ಡ್ ಮ್ಯಾಟ್ಲೊವಿಚ್ ಅವರ ಹೆಸರನ್ನು ಹೇಳದೆ ಈ ಇತಿಹಾಸ ಪೂರ್ತಿಯಾಗದು. ವಾಯುಪಡೆಯ ಈ ಸಾರ್ಜೆಂಟ್ ವಿಯೆಟ್ನಾಂನಲ್ಲಿ ನೆಲಬಾಂಬಿನಿಂದ ಗಾಯಗೊಂಡವರು, ಬ್ರಾಂಝ್ ಸ್ಟಾರ್ ಮತ್ತು ಪರ್ಪಲ್ ಹಾರ್ಟ್ ಪದಕಗಳನ್ನು ಪಡೆದವರು. 1975ರ ಮಾರ್ಚ್‌ನಲ್ಲಿ ತಾವೇ ಪತ್ರ ಬರೆದು ಮೇಲಧಿಕಾರಿಗೆ ಕೊಟ್ಟು, ತಮ್ಮ ಪ್ರಕರಣದ ಮೂಲಕ ನಿಷೇಧವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಮುಂದಾದರು. ಅದೇ ಸೆಪ್ಟೆಂಬರಿನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಸಮವಸ್ತ್ರದಲ್ಲಿ ಕಾಣಿಸಿಕೊಂಡರು. 1980ರಲ್ಲಿ ನ್ಯಾಯಾಧೀಶ ಗೆರ್ಹಾರ್ಡ್ ಗೆಸೆಲ್ ಅವರನ್ನು ಮರಳಿ ಸೇವೆಗೆ ತೆಗೆದುಕೊಳ್ಳುವಂತೆ ಆದೇಶಿಸಿದರು. ಸೇನೆ ಬೇರೇನಾದರೂ ನೆವ ಹುಡುಕಿ ಮತ್ತೆ ಹೊರಹಾಕುವುದು ಖಚಿತ ಎಂದು ಭಾವಿಸಿ ಅವರು 1,60,000 ಡಾಲರಿನ ರಾಜಿಗೆ ಒಪ್ಪಿದರು. 1988ರಲ್ಲಿ ತೀರಿಕೊಂಡ ಅವರ ಸಮಾಧಿ ವಾಷಿಂಗ್ಟನ್‌ನ ಕಾಂಗ್ರೆಷನಲ್ ಸ್ಮಶಾನದಲ್ಲಿದೆ. ಅದರ ಕಪ್ಪು ಕಲ್ಲಿನ ಮೇಲೆ ಅವರ ಹೆಸರಿಲ್ಲ, ‘ವಿಯೆಟ್ನಾಂ ಯುದ್ಧದ ಸಲಿಂಗಿ ಸೈನಿಕ’ ಎಂದಷ್ಟೇ ಇದೆ. ಕೆಳಗೆ, ಇಬ್ಬರನ್ನು ಕೊಂದದ್ದಕ್ಕೆ ಸೇನೆ ಪದಕ ಕೊಟ್ಟಿತು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಹೊರಹಾಕಿತು ಎಂಬ ಅರ್ಥದ ಮಾತಿದೆ.

ಈಗ ರದ್ದತಿಯ ನಂತರದ ಸ್ಥಿತಿ. ಜಂಟಿ ಸೇನಾ ಮುಖ್ಯಸ್ಥರ ಅಧ್ಯಕ್ಷ ಅಡ್ಮಿರಲ್ ಮೈಕ್ ಮಲೆನ್ 2010ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ, ದೇಶವಾಸಿಗಳನ್ನು ಕಾಯಲು ಬಂದ ಯುವಕ ಯುವತಿಯರು ತಾವು ಯಾರೆಂಬುದರ ಬಗ್ಗೆಯೇ ಸುಳ್ಳು ಹೇಳುವಂತೆ ಮಾಡುವ ನೀತಿ ತಮ್ಮನ್ನು ಕಾಡುತ್ತಿದೆ ಎಂದು ಹೇಳಿದ್ದು ಚರ್ಚೆಯ ದಿಕ್ಕನ್ನು ಬದಲಿಸಿತು. ಅದೇ ವರ್ಷ ಡಿಸೆಂಬರ್ 22ರಂದು ಅಧ್ಯಕ್ಷ ಒಬಾಮ ರದ್ದತಿಯ ಮಸೂದೆಗೆ ಸಹಿ ಹಾಕಿದರು, 2011ರ ಸೆಪ್ಟೆಂಬರ್ 20ರಂದು ಅದು ಜಾರಿಯಾಯಿತು. ಸೇನೆಯ ಕೆಲಸ ಎಂದಿನಂತೆಯೇ ನಡೆಯಿತು. ಹೆದರಿಸಿದ್ದ ಯಾವುದೂ ಆಗಲಿಲ್ಲ. ಲಿಂಗಪರಿವರ್ತಿತರ ಸೇವೆಯ ಪ್ರಶ್ನೆ ಈ ಕಾನೂನಿನಿಂದ ಬೇರೆಯದು, 2016ರಿಂದ ಈಚೆಗೆ ಅಧ್ಯಕ್ಷರು ಬದಲಾದಂತೆಲ್ಲ ಅದು ಬದಲಾಗುತ್ತ ಬಂದಿದೆ. ಅದನ್ನು ಇಲ್ಲಿ ಬೆರೆಸುವುದಿಲ್ಲ.

ಅಮೆರಿಕದ ಸೇನೆಯನ್ನು ಬಿಡುವವರಿಗೆಲ್ಲ ‘ಡಿಡಿ 214’ ಎಂಬ ಒಂದು ನಮೂನೆ ಕೊಡುತ್ತಾರೆ. ಮಾಜಿ ಸೈನಿಕರ ಆಸ್ಪತ್ರೆ, ಮನೆ ಸಾಲ, ಸರ್ಕಾರಿ ಉದ್ಯೋಗದ ಮೀಸಲು ಅಂಕ, ಸತ್ತ ಮೇಲೆ ಸೇನಾ ಸ್ಮಶಾನದಲ್ಲಿ ಜಾಗ, ಎಲ್ಲಕ್ಕೂ ಅದೇ ಆಧಾರ. ಅದರ ಕೆಳತುದಿಯಲ್ಲಿ ಐದು ಚೌಕಗಳಿವೆ. 24ನೆಯದರಲ್ಲಿ ಸೇವೆಯ ಸ್ವರೂಪ, ಅಂದರೆ ಗೌರವಯುತವೇ ಅಲ್ಲವೇ ಎಂಬುದು. 25ರಲ್ಲಿ ಬಿಡುಗಡೆಗೆ ಆಧಾರವಾದ ನಿಯಮ. 26ರಲ್ಲಿ ಮೂರಕ್ಷರದ ಸಂಕೇತ. 27ರಲ್ಲಿ ಮತ್ತೆ ಸೇನೆಗೆ ಸೇರಬಹುದೇ ಎಂಬುದರ ಸಂಕೇತ. 28ರಲ್ಲಿ ಬಿಡುಗಡೆಯ ಕಾರಣ, ಮಾತಿನಲ್ಲಿ. ‘ಕೇಳಬೇಡ, ಹೇಳಬೇಡ’ ಕಾನೂನಿನಡಿ ಹೊರಬಿದ್ದ ಹೆಚ್ಚಿನವರಿಗೆ 24ರಲ್ಲಿ ‘ಗೌರವಯುತ’ ಎಂದೇ ಬರೆದಿತ್ತು. ಅಷ್ಟಕ್ಕೆ ಅನೇಕರು, ಮತ್ತೇನು ತೊಂದರೆ ಎಂದು ಕೇಳುತ್ತಾರೆ. ತೊಂದರೆ 28ರಲ್ಲಿತ್ತು. ಅಲ್ಲಿ ‘ಸಲಿಂಗಕಾಮದ ಒಪ್ಪಿಗೆ’ ಅಥವಾ ‘ಸಲಿಂಗಕಾಮದ ನಡತೆ’ ಎಂದು ಅಚ್ಚಾಗಿತ್ತು. ಕಾಗದದ ಚಿಕ್ಕ ಪ್ರತಿಯಲ್ಲಿ ಈ ಚೌಕಗಳು ಇರುವುದಿಲ್ಲ, ನಿಜ; ಆದರೆ ಕೆಲಸ ಕೊಡುವವರು, ಸಾಲ ಕೊಡುವವರು ಪೂರ್ಣ ಪ್ರತಿಯನ್ನೇ ಕೇಳುವುದು ರೂಢಿ. ಹೀಗಾಗಿ ‘ಹೇಳಬೇಡ’ ಎಂದು ಆಜ್ಞೆ ಮಾಡಿದ ಸರ್ಕಾರವೇ, ಆ ಮನುಷ್ಯನ ಗುಟ್ಟನ್ನು ಅವನ ಜೀವಮಾನವಿಡೀ ಅಪರಿಚಿತರಿಗೆ ಹೇಳುವ ಕಾಗದವನ್ನು ಅವನ ಕೈಗೆ ಕೊಟ್ಟಿತು. ನಾಚಿಕೆಯಿಂದ ಆ ಕಾಗದವನ್ನು ತೋರಿಸದೆ, ತಮಗೆ ಹಕ್ಕಾಗಿದ್ದ ಚಿಕಿತ್ಸೆಯನ್ನೂ ಸಾಲವನ್ನೂ ಕೇಳದೆ ಬದುಕಿದವರಿದ್ದಾರೆ. ನಿಷೇಧವನ್ನು ಒಂದು ಕಾಲದಲ್ಲಿ ಒಪ್ಪಿಕೊಂಡಿದ್ದವರು ಸಹ ಇದನ್ನು ಸಮರ್ಥಿಸಲಾರರು ಎಂದು ನಾನು ಭಾವಿಸುತ್ತೇನೆ.

ರದ್ದತಿ ಜಾರಿಯಾದ ದಿನವೇ ರಕ್ಷಣಾ ಇಲಾಖೆ ದಾಖಲೆ ತಿದ್ದುವ ಮಂಡಳಿಗಳಿಗೆ ಒಂದು ಸೂಚನೆ ಕಳಿಸಿತು. ಬಿಡುಗಡೆ ಈ ಕಾನೂನಿನ ಕಾರಣದಿಂದ ಮಾತ್ರ ಆಗಿದ್ದು, ದುರ್ನಡತೆಯಂಥ ಬೇರೆ ಅಂಶಗಳು ಇಲ್ಲದಿದ್ದರೆ, 28ನೆಯ ಚೌಕದಲ್ಲಿ ‘ಕಾರ್ಯದರ್ಶಿಯ ಅಧಿಕಾರದಡಿ’ ಎಂದು ಬದಲಿಸಿ, ಸಂಕೇತಗಳನ್ನೂ ಸೇವೆಯ ಸ್ವರೂಪವನ್ನೂ ತಿದ್ದಬಹುದು ಎಂದಿತು. ಅದೇ ಸೂಚನೆಯ ಮುಂದಿನ ಭಾಗ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸೇವೆ ನಿಲ್ಲದೆ ಮುಂದುವರಿದಿತ್ತೆಂದು ಲೆಕ್ಕ ಹಾಕುವುದು, ಹಿಂದಿನ ದರ್ಜೆಗೆ ಮರಳಿಸುವುದು, ಕಳೆದುಹೋದ ವರ್ಷಗಳನ್ನು ಸೇವೆಗೆ ಸೇರಿಸುವುದು ಸಾಮಾನ್ಯವಾಗಿ ಸಲ್ಲದು, ಏಕೆಂದರೆ ಆ ಕಾಲದಲ್ಲಿ ಅದು ಜಾರಿಯಲ್ಲಿದ್ದ ಕಾನೂನು. ಅಮೆರಿಕದ ಸೇನೆಯಲ್ಲಿ ಪಿಂಚಣಿಗೆ ಸಾಮಾನ್ಯವಾಗಿ ಇಪ್ಪತ್ತು ವರ್ಷದ ಸೇವೆ ಬೇಕು. ಹದಿಮೂರನೆಯ, ಹದಿನೆಂಟನೆಯ ವರ್ಷದಲ್ಲಿ ಹೊರಬಿದ್ದವರಿಗೆ ಆ ಇಪ್ಪತ್ತು ತುಂಬಲು ಇದ್ದ ಒಂದೇ ದಾರಿ, ವಯಸ್ಸು ಮತ್ತು ಆರೋಗ್ಯ ಅನುಮತಿಸಿದರೆ, ಮತ್ತೆ ಅರ್ಜಿ ಹಾಕಿ ಸೇರುವುದು. ಹಾಗೆ ಸೇರಿದವರು ಇದ್ದಾರೆ, ಆದರೆ ಅವರು ಸ್ವಲ್ಪವೇ ಜನ.

ಹಣದ ವಿಷಯದಲ್ಲಿ ಸಿಕ್ಕ ಒಂದೇ ಗಮನಾರ್ಹ ಪರಿಹಾರ ಮೇಲೆ ಹೇಳಿದ ಕಾಲಿನ್ಸ್ ಅವರ ಮೊಕದ್ದಮೆಯದು. ಆರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಸೇವೆ ಮಾಡಿ, ತಾನಾಗಿ ಬಿಡದೆ, ಗೌರವಯುತವಾಗಿ ಹೊರಬಂದವರಿಗೆ ಸೇನೆ ಒಂದು ಇಡಿಗಂಟು ಕೊಡುತ್ತದೆ. ಕಾರಣ ಸಲಿಂಗಕಾಮವಾದರೆ ಅದನ್ನು ಅರ್ಧಕ್ಕೆ ಇಳಿಸುವ ನಿಯಮವಿತ್ತು. 2013ರ ಜನವರಿಯ ರಾಜಿಯಲ್ಲಿ ಸರ್ಕಾರ ಉಳಿದ ಅರ್ಧವಾಗಿ ಒಟ್ಟು ಸುಮಾರು 24 ಲಕ್ಷ ಡಾಲರ್ ಕೊಡಲು ಒಪ್ಪಿತು, ಅದೂ 2004ರ ನವೆಂಬರ್ ನಂತರ ಹೊರಬಿದ್ದ 181 ಮಂದಿಗೆ ಮಾತ್ರ. ಅದಕ್ಕಿಂತ ಹಿಂದಿನವರ ಹಕ್ಕಿನ ಅವಧಿ ಮುಗಿದಿತ್ತು.

ಅರ್ಜಿ ಹಾಕಿದರೆ ತಿದ್ದುತ್ತೇವೆ ಎಂಬ ವ್ಯವಸ್ಥೆಯ ದೊಡ್ಡ ದೋಷವೆಂದರೆ, ತಪ್ಪು ಮಾಡಿದ ಸಂಸ್ಥೆ ಸುಮ್ಮನೆ ಕುಳಿತಿರುತ್ತದೆ, ಅನ್ಯಾಯಕ್ಕೆ ಒಳಗಾದವನು ಹಳೆಯ ಕಾಗದ ಹುಡುಕಿ, ವಕೀಲರನ್ನು ಹಿಡಿದು, ಅದೇ ಅವಮಾನದ ಕಥೆಯನ್ನು ಮತ್ತೆ ಬರೆದು ಕೊಡಬೇಕಾಗುತ್ತದೆ. ಈ ಟೀಕೆಯ ನಂತರ, 2023ರ ಸೆಪ್ಟೆಂಬರಿನಲ್ಲಿ, ಅರ್ಜಿಗಾಗಿ ಕಾಯದೆ ಕಡತಗಳನ್ನು ತಾನೇ ತೆರೆದು ನೋಡುವುದಾಗಿ ರಕ್ಷಣಾ ಇಲಾಖೆ ಘೋಷಿಸಿತು. 2024ರ ಅಕ್ಟೋಬರಿನ ವೇಳೆಗೆ 851 ಪ್ರಕರಣಗಳನ್ನು ಪರಿಶೀಲಿಸಿ ಶೇಕಡಾ 96ಕ್ಕೂ ಹೆಚ್ಚಿನವುಗಳಲ್ಲಿ ಪರಿಹಾರ ನೀಡಿತು. ಇದು ಒಳ್ಳೆಯ ಕೆಲಸ. ಆದರೆ ಪರಿಶೀಲನೆಗೆ ಒಳಪಟ್ಟದ್ದು 1994ರಿಂದ 2011ರವರೆಗಿನ ಕಾನೂನಿನ ಪ್ರಕರಣಗಳು ಮಾತ್ರ. ಕೋರ್ಟ್ ಮಾರ್ಷಲ್‌ನಲ್ಲಿ ಶಿಕ್ಷೆಯಾದವರದು ಬೇರೆ ದಾರಿ. ಸೇನಾ ದಂಡಸಂಹಿತೆಯ 125ನೆಯ ವಿಧಿಯಡಿ, ಸಮ್ಮತಿಯ ಸಂಬಂಧಕ್ಕಾಗಿ 1951ರಿಂದ 2013ರವರೆಗೆ ಶಿಕ್ಷೆಗೆ ಒಳಗಾದವರಿಗೆ ಅಧ್ಯಕ್ಷ ಬೈಡನ್ 2024ರ ಜೂನ್ 26ರಂದು ಸಾಮೂಹಿಕ ಕ್ಷಮಾದಾನ ನೀಡಿದರು. ಕ್ಷಮಾದಾನದ ಪ್ರಮಾಣಪತ್ರಕ್ಕೆ ಒಂದು ಅರ್ಜಿ, ಅದು ಬಂದ ಮೇಲೆ ಬಿಡುಗಡೆ ಪತ್ರ ತಿದ್ದಿಸಲು ಇನ್ನೊಂದು ಅರ್ಜಿ ಬೇಕು.

ಬ್ರಿಟನ್ ಇದೇ ಹೊರೆಯನ್ನು ಬೇರೆ ರೀತಿಯಲ್ಲಿ ಹೊತ್ತಿದೆ, ಹೋಲಿಕೆಗೆ ಅದನ್ನು ಹೇಳಬೇಕು. ಅಲ್ಲಿ ನಾಲ್ವರು ಮಾಜಿ ಸೈನಿಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 1999ರ ಸೆಪ್ಟೆಂಬರಿನಲ್ಲಿ ಗೆದ್ದ ಪರಿಣಾಮವಾಗಿ 2000ದ ಜನವರಿಯಲ್ಲಿ ನಿಷೇಧ ಹೋಯಿತು. ಹೊರಹಾಕುವಾಗ ಪದಕಗಳನ್ನೂ ಕಿತ್ತುಕೊಳ್ಳುವ ಪದ್ಧತಿ ಅಲ್ಲಿತ್ತು. ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ದುಡಿದಿದ್ದ ನೌಕಾಪಡೆಯ ಜೋ ಔಸಲೀಸ್ ಮೊಕದ್ದಮೆ ಹೂಡಿದ ಮೇಲೆ 2020ರಲ್ಲಿ ಅವರ ಪದಕ ಮರಳಿತು. ನಿವೃತ್ತ ನ್ಯಾಯಾಧೀಶ ಲಾರ್ಡ್ ಎಥರ್‌ಟನ್ ಅವರ ಸ್ವತಂತ್ರ ವರದಿ ಹೊರಬಂದ ದಿನ, 2023ರ ಜುಲೈ 19ರಂದು, ಪ್ರಧಾನಿ ರಿಷಿ ಸುನಾಕ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2024ರ ಡಿಸೆಂಬರಿನಲ್ಲಿ 7.5 ಕೋಟಿ ಪೌಂಡಿನ ಯೋಜನೆ ಪ್ರಕಟವಾಯಿತು: ವಜಾಗೊಂಡವರಿಗೆ ತಲಾ 50,000 ಪೌಂಡ್, ಅನುಭವಿಸಿದ ಹಿಂಸೆಗೆ ಹೆಚ್ಚುವರಿಯಾಗಿ 20,000 ಪೌಂಡಿನವರೆಗೆ. ಕೆನಡಾದ ಪ್ರಧಾನಿ 2017ರ ನವೆಂಬರಿನಲ್ಲಿಯೇ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದರು. ಅಲ್ಲಿನ ಮೊಕದ್ದಮೆಯ ರಾಜಿ ಗರಿಷ್ಠ 14.5 ಕೋಟಿ ಕೆನಡಿಯನ್ ಡಾಲರಿನದು. ಮುರಿದ ವೃತ್ತಿಗೆ ಬೆಲೆ ಕಟ್ಟುವ ಇಂಥ ಯೋಜನೆ ಅಮೆರಿಕದಲ್ಲಿ ಇಲ್ಲ, ಇರಬೇಕು. ಆ ಕಾಲಕ್ಕೆ ಅದು ಕಾನೂನಾಗಿತ್ತು ಎಂಬ ಸಮರ್ಥನೆ ಬ್ರಿಟನ್ನಿಗೂ ಲಭ್ಯವಿತ್ತು, ಅದರ ಹಿಂದೆ ಅಡಗದಿರಲು ಅದು ಕೊನೆಗೂ ನಿರ್ಧರಿಸಿತು.

ಅಮೆರಿಕದಲ್ಲಿ ಸದ್ಯಕ್ಕೆ ಎಲ್ಲಕ್ಕಿಂತ ವಿಶಾಲವಾದ ಬಾಗಿಲು ತೆರೆದದ್ದು ಮಾಜಿ ಸೈನಿಕರೇ 2023ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಹೂಡಿದ ಸಾಮೂಹಿಕ ಮೊಕದ್ದಮೆ. 2025ರ ಆರಂಭದಲ್ಲಿ ಆದ ರಾಜಿಯ ಪ್ರಕಾರ, 28ನೆಯ ಚೌಕದಲ್ಲಿ ಲೈಂಗಿಕ ಒಲವಿನ ಉಲ್ಲೇಖ ಇರುವವರು ದೀರ್ಘ ವಿಚಾರಣೆಯಿಲ್ಲದೆ ಹೊಸ ಪತ್ರ ಪಡೆಯಬಹುದು. 1980ರಿಂದ 2011ರವರೆಗೆ ಈ ಕಾರಣಕ್ಕೆ ಹೊರಬಿದ್ದವರು ಸುಮಾರು 35,000 ಮಂದಿ. ಅದಕ್ಕೂ ಹಿಂದಿನವರ, ಅಂದರೆ ನೀಲಿ ಕಾಗದದವರ ಮತ್ತು ‘ಅನಪೇಕ್ಷಿತ’ ಮುದ್ರೆಯವರ ಅರ್ಜಿಗಳನ್ನು ಈಗಲೂ ಒಂದೊಂದಾಗಿಯೇ ನೋಡಲಾಗುತ್ತದೆ, ಸತ್ತವರ ಪರವಾಗಿ ಕುಟುಂಬದವರೂ ಕೇಳಬಹುದು. ಆದರೆ ಅವರಿಗೆ ಇನ್ನೊಂದು ಅಡ್ಡಿಯಿದೆ: 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು, 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಶೇಕಡಾ 80ರಷ್ಟು ಸುಟ್ಟುಹೋಗಿವೆ. ಕಡತ ಸುಟ್ಟುಹೋದವರು ತಮ್ಮ ಬಿಡುಗಡೆಗೆ ಇದ್ದ ಕಾರಣ ಅದೊಂದೇ ಎಂಬುದನ್ನು ಮನೆಯಲ್ಲಿ ಉಳಿದಿರುವ ಪ್ರತಿಯಿಂದಲೋ, ವೇತನದ ದಾಖಲೆಗಳಿಂದಲೋ, ಜೊತೆಗಿದ್ದವರ ಪ್ರಮಾಣಪತ್ರದಿಂದಲೋ ಮಂಡಳಿಗೆ ತೋರಿಸಿಕೊಡಬೇಕು.